ಆಯಿ ತೊಳೆದ ಪಾಟಿ

ಕಾಗದವೆಂಬುದು ದೊಡ್ಡವರ ಸಾಮಾನಾಗಿದ್ದ ಕಾಲ ಅದು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ನಮ್ಮ ಸಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ನಮಗೆ ಮಾತ್ರ ಬರೆಯಲು ಅದೇ ಹಲಗೆಯ ಪಾಟಿ, ಅದೇ ಬಳಪದ ಪೇಣೆ. ಇದ್ದಿಲು, ಎಲೆಯ ರಸ ತಿಕ್ಕಿ ಪಾಟಿಯನ್ನು ಕಪ್ಪಗೆ ಮಾಡುತ್ತಿದ್ದೆವು. ಆ ಹಸಿ ವಾಸನೆ ಇನ್ನೂ ಮೂಗಿನಲ್ಲಿದೆ. ಪರೀಕ್ಷೆಯೂ ಅದರ ಮೇಲೆಯೇ.

ನಮ್ಮ ಹಳ್ಳಿ ಘಾಟಬೋರಾಳದ ಆಚೆ. ಮಾಸ್ತರರು ಹುಮನಾಬಾದಿನಿಂದ ಸೈಕಲ್ ಮೇಲೆ ಬರುತ್ತಿದ್ದರು. ಸಂಜೆ ಅವರಿಗೆ ಮನೆ ಸೇರುವ ಅವಸರ. ಪಾಟಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಅಂಕ ಬರೆದು, "ಮನ್ಯಾಗ ತೋರಿಸ್ಕೊಂಡು ಮುಂಜಾನಿ ಹಂಗೇ ತರ್ರಿ, ಆಮ್ಯಾಲ ರಜಿಸ್ಟರದಾಗ ಬರ್ಕೋತೀನಿ" ಎಂದು ಹೊರಟುಬಿಡುತ್ತಿದ್ದರು. ಕಡಿಮೆ ಬಂದ ಹುಡುಗರು ದಾರಿಯಲ್ಲೇ ಉಗುಳು ಹಚ್ಚಿ ಒರೆಸಿ, ಮರುದಿನ ಎಂಟು ಬಂದಿತ್ತು, ಒಂಬತ್ತು ಬಂದಿತ್ತು ಎನ್ನುತ್ತಿದ್ದರು. ಅದಕ್ಕೆ ಮಾಸ್ತರರು ಒಂದು ಕಾಯಿದೆ ಮಾಡಿದರು: ಅಂಕ ಇಲ್ಲದ ಪಾಟಿಗೆ ಸೊನ್ನೆ.

ನಾಲ್ಕನೆಯ ಇಯತ್ತೆಯ ಕೊನೆಯ ಲೆಕ್ಕದ ಪರೀಕ್ಷೆ ಬಂತು. ಅಪ್ಪ ಮೊದಲೇ ಹೇಳಿದ್ದ, "ಪಾಸಾದ್ರ ಐದಕ್ಕ ಕಳಸ್ತೀನಿ. ನಪಾಸಾದ್ರ ಅವ್ವನ ಸಂಗಾಟ ಹೊಲಕ್ಕ ನಡಿ."

ಹತ್ತಕ್ಕೆ ಒಂಬತ್ತು ಬಂತು. ಗೆಳತಿಯರು ಕುಂಟಾಟಕ್ಕೆ ಕರೆದರೂ ಹೋಗಲಿಲ್ಲ. ಪಾಟಿಯನ್ನು ಎರಡೂ ಅಂಗೈ ಮೇಲಿಟ್ಟುಕೊಂಡು, ಸಾರು ತುಂಬಿದ ಗಂಗಾಳ ಹಿಡಿದವಳಂತೆ ಮನೆಗೆ ನಡೆದೆ.

ಮನೆಯಲ್ಲಿ ಓದು ಬಲ್ಲವರು ಯಾರೂ ಇರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು.

"ಏನ್ ಬರದಾರ ಅದು?"

"ಒಂಬತ್ತು, ಆಯಿ."

"ಎಷ್ಟಕ್ಕ?"

"ಹತ್ತಕ್ಕ."

"ಉಳದದ್ದೊಂದು ಮಾಸ್ತರ ತನ್ನ ಮನಿಗೆ ಒಯ್ದನೇನು?"

ಅಪ್ಪನೂ ಪಾಟಿ ನೋಡಿ ತಲೆಯಾಡಿಸಿದ. ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು ಮಲಗಿದೆ.

ಬೆಳಿಗ್ಗೆ ಎದ್ದರೆ ಪಾಟಿ ದೇವರ ಗೂಡಿನಲ್ಲಿತ್ತು. ಆಯಿ ಅದನ್ನು ತೊಳೆದು, ಮೂರು ಬೆರಳಿನ ವಿಭೂತಿ ಎಳೆದು, ಹೂ ಏರಿಸಿ ಕೈಮುಗಿದು ನಿಂತಿದ್ದಳು. ದೇವರ ಮುಂದೆ ಏನನ್ನೂ ತೊಳೆಯದೆ ಇಡುವ ಪದ್ಧತಿ ನಮ್ಮಲ್ಲಿಲ್ಲ.

"ಅಂಕಿ ಎಲ್ಲಿ, ಆಯಿ?"

"ಎಲ್ಲಿ ಹೋಗ್ತಾವ? ನಿನ್ನೇ ಬಂದಾವಲ್ಲ."

ಸಾಲೆಯಲ್ಲಿ ಮಾಸ್ತರರು ಪಾಟಿಯ ಮೇಲಿನ ವಿಭೂತಿ ನೋಡಿ ನಕ್ಕರು. ನಾನು ನಡೆದದ್ದು ಹೇಳಿ, "ಮತ್ತೊಮ್ಮಿ ಲೆಕ್ಕಾ ಕೊಡ್ರಿ ಸರ್, ನಿಮ್ಮ ಮುಂದ ಕುಂತು ಮಾಡ್ತೀನಿ" ಎಂದೆ.

"ನಿನಗ ಕೊಟ್ರ ಎಲ್ಲಾರಿಗೂ ಕೊಡಬೇಕಾಗ್ತದ. ಪರೀಕ್ಷಾ ಅಂದ್ರ ಒಮ್ಮಿ."

ಮಧ್ಯಾಹ್ನ ಊಟಕ್ಕೆ ಹೋದಾಗ ನಾನು ಹೇಳಿದ್ದು ಕೇಳಿ, ಆಯಿ ತಾನೇ ಬಂದು ಸಾಲೆಯ ಬಾಗಿಲಲ್ಲಿ ನಿಂತಳು. "ತೊಳದಾಕಿ ನಾ ಅದೀನ್ರಿ. ಸೊನ್ನಿ ನನಗ ಹಾಕ್ರಿ."

ಹುಡುಗರು ನಕ್ಕರು. "ನಿನ್ನ ಹೆಸರು ರಜಿಸ್ಟರದಾಗ ಇಲ್ಲಬೇ" ಎಂದರು ಮಾಸ್ತರರು.

ಸೊನ್ನೆ ನನ್ನ ಹೆಸರಿನ ಮುಂದೆಯೇ ಬಿತ್ತು. ಲೆಕ್ಕದಲ್ಲಿ ನಪಾಸಾದರೆ ಎಲ್ಲದರಲ್ಲೂ ನಪಾಸು. ಮಳೆ ಬಿದ್ದ ಮೇಲೆ ಅಪ್ಪ ಕಳೆ ತೆಗೆಯುವ ಕುರ್ಪಿ ಕೈಗೆ ಕೊಟ್ಟ. ಅವನನ್ನು ಬೈಯುವುದಿಲ್ಲ. ಹೇಳಿದ್ದನ್ನೇ ಮಾಡಿದ.

ಈಗ ಮೊಮ್ಮಗಳ ಪರೀಕ್ಷೆಯ ಹಾಳೆಗಳು ಮನೆಗೆ ಬರುತ್ತವೆ, ಸಹಿ ಕೇಳುತ್ತಾರೆ. ಕಡಿಮೆ ಬಂದರೆ ಇನ್ನೊಮ್ಮೆ ಬರೆಸುತ್ತಾರೆ. "ಹಿಂಗಾದ್ರ ಹುಡುಗ್ರು ಹೆದರ್ತಾವೇನ್ರಿ, ಅತ್ತಿ?" ಎನ್ನುತ್ತಾಳೆ ಸೊಸೆ. ಹೆದರಿ ನಾನೇನು ಕಲಿತೆ? ಮಾಸ್ತರರು ಮನೆಗೆ ಕಳಿಸಲಿ, ಆದರೆ ಅಂಕ ತಾವು ಬರೆದಿಟ್ಟುಕೊಂಡು ಕಳಿಸಲಿ. ಮನೆಯವರಿಗೆ ಓದು ಬಾರದಿದ್ದರೆ ಅದು ಮಗುವಿನ ತಪ್ಪಲ್ಲ. ಮುಂದೆ ಕುಳಿತು ಮಾಡುತ್ತೇನೆ ಎಂದವಳಿಗೆ ಅಂದು ಕೊಡಬೇಕಾಗಿದ್ದುದು ಅರ್ಧ ಗಂಟೆ. ಆ ಒಂಬತ್ತನ್ನು ಬರೆದ ಕೈ ಮಾಸ್ತರರದೇ ಆಗಿತ್ತು. ಒಂದು ರಾತ್ರಿಯಲ್ಲಿ ಅವರಿಗೆ ಅದು ಮರೆತುಹೋಯಿತು, ನನಗೆ ಇಷ್ಟು ವರ್ಷವಾದರೂ ಮರೆತಿಲ್ಲ.

ಹೋದದ್ದು ನನ್ನ ಐದನೆಯ ಇಯತ್ತೆ ಒಂದೇ ಅಲ್ಲ. ಆಯಿ ಆಮೇಲೆ ಬರೆದದ್ದೇನನ್ನೂ ಮುಟ್ಟಲಿಲ್ಲ. ನನ್ನ ಮದುವೆಯಲ್ಲಿ ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚು ಎಂದು ಹಿರಿಯಳಾದ ಅವಳನ್ನೇ ಕರೆದರು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು.

"ನಾ ಒಲ್ಲೆ. ಮತ್ತ ಅಳಿಸ್ತಂದ್ರ ಆಕಿಗೆ ಇನ್ನೊಮ್ಮಿ ಯಾರ್ ಕೊಡ್ತಾರ?"