ಗೋಸುಂಬೆ ತಂದ ಸುದ್ದಿ

ಭೂಮಿಗೆ ಸಾವು ಹೇಗೆ ಬಂತೆಂದು ನನಗೆ ಹೇಳಿದವಳು ನಾನು ಡಾಕ್ಟರಾಗಿದ್ದ ವಾರ್ಡಿನ ಹಿರಿಯ ನರ್ಸ್. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ದಕ್ಷಿಣ ಆಫ್ರಿಕಾದಿಂದ ಇಂಗ್ಲೆಂಡಿಗೆ ಬಂದ ಜುಲು ಹೆಂಗಸು. ಟೀ ರೂಮಿನಲ್ಲಿ ಬಿಸ್ಕತ್ತು ಅದ್ದುತ್ತಾ ಕಥೆ ಹೇಳಿದಳು. "ಮನುಷ್ಯರಿಗೆ ಸಾವಿಲ್ಲ" ಎಂಬ ಸುದ್ದಿ ಕೊಟ್ಟು ದೇವರು ಗೋಸುಂಬೆಯನ್ನು ಕಳಿಸಿದ. ಅದು ದಾರಿಯಲ್ಲಿ ಹಣ್ಣು ತಿನ್ನುತ್ತಾ ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿತು. ಅಷ್ಟರಲ್ಲಿ ದೇವರ ಮನಸ್ಸು ಬದಲಾಗಿ, "ಮನುಷ್ಯರು ಸಾಯಲಿ" ಎಂಬ ಸುದ್ದಿ ಕೊಟ್ಟು ಹಲ್ಲಿಯನ್ನು ಅಟ್ಟಿದ. ಹಲ್ಲಿ ಮೊದಲು ತಲುಪಿತು. ಆಮೇಲೆ ಗೋಸುಂಬೆ ಬಂದಾಗ ಜನ, "ನಾವು ಹಲ್ಲಿಯ ಮಾತು ಒಪ್ಪಿಕೊಂಡಾಯಿತು" ಎಂದರಂತೆ.

ನನಗೆ ನಗು ಬಂತು. ಯಮ, ಕೋಣ, ಪಾಶ ಎಲ್ಲ ಇರುವ ವ್ಯವಸ್ಥಿತ ಇಲಾಖೆಯಿಂದ ಬಂದವಳು ನಾನು. ಒಂದು ಡ್ಯೂಟಿ ರೋಟಾ ಕೂಡ ನೆಟ್ಟಗೆ ಹಾಕಲು ಬಾರದ ಈ ದೇವರನ್ನು ಎಲ್ಲಿಂದ ಹಿಡಿದು ತಂದಿರಿ ಎಂದು ಕೇಳಿದೆ. "ದೇವರನ್ನು ಯಾರೂ ಬೈಯುವುದಿಲ್ಲ, ಗೋಸುಂಬೆಯನ್ನೇ ಬೈಯುತ್ತೇವೆ," ಎಂದಳು. ನಮ್ಮಲ್ಲೂ ಗೋಸುಂಬೆ ಬೈಗುಳವೇ. ಹಲ್ಲಿಗೆ ಮಾತ್ರ ಮರ್ಯಾದೆ ಹೆಚ್ಚು. ಅದು ಲೊಚಗುಟ್ಟಿದರೆ ಆಡುತ್ತಿದ್ದ ಮಾತು ಸತ್ಯವೆಂದು ನೆಲ ತಟ್ಟುವ ಜನ ನಾವು.

ಆ ವರ್ಷವೇ ನನ್ನ ಅತ್ತೆಗೆ ಎದೆಯಲ್ಲಿ ಗಂಟು ಕಾಣಿಸಿತು. ಧಾರವಾಡದಲ್ಲಿ ಇಂಗ್ಲಿಷ್ ಟೀಚರಾಗಿ ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ನಮ್ಮ ಮನೆಗೆ ಬಂದಿದ್ದರು. ಬಯಾಪ್ಸಿ ಆಯಿತು. ಫಲಿತಾಂಶವನ್ನು ನನಗೆ ತಿಳಿಸಲು ಅವರ ಒಪ್ಪಿಗೆ ಪಡೆದಿದ್ದ ಸರ್ಜನ್ ಗುರುವಾರ ನನಗೇ ಫೋನ್ ಮಾಡಿ, ಕ್ಯಾನ್ಸರ್ ಇಲ್ಲ ಎಂದರು. ಒಳ್ಳೆಯ ಸುದ್ದಿಗೆ ಏನು ಅವಸರ? ನನಗೆ ಆನ್-ಕಾಲ್ ಡ್ಯೂಟಿ ಇತ್ತು, ಗಂಡ ಕೆಲಸದ ಮೇಲೆ ಲೀಡ್ಸ್‌ಗೆ ಹೋಗಿದ್ದರು. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಹೇಳೋಣ, ಪಾಯಸ ಮಾಡೋಣ ಎಂದುಕೊಂಡೆ. ಶ್ಯಾವಿಗೆ ತರಲು ಬರ್ಮಿಂಗ್‌ಹ್ಯಾಮಿನ ಅಂಗಡಿಗೂ ಹೋಗಿಬಂದೆ.

ಶನಿವಾರ ಆಸ್ಪತ್ರೆಯ ಕಂಪ್ಯೂಟರ್ ಕಳಿಸಿದ ಪತ್ರ ಬಂತು. ಎಲ್ಲರಿಗೂ ಹೋಗುವ ಪತ್ರವೇ: ಫಲಿತಾಂಶದ ಬಗ್ಗೆ ಮಾತಾಡಲು ಬನ್ನಿ, ಬೇಕಿದ್ದರೆ ಹತ್ತಿರದವರೊಬ್ಬರನ್ನು ಕರೆತನ್ನಿ. ಮಕ್ಕಳ ಪ್ರಬಂಧಗಳಲ್ಲಿ ಇಲ್ಲದ ಅರ್ಥವನ್ನೂ ಹುಡುಕಿ ತೆಗೆದಿದ್ದ ಟೀಚರಿಗೆ ಅಷ್ಟು ಸಾಕಾಯಿತು. ನಾನು ಮನೆಗೆ ಬರುವಷ್ಟರಲ್ಲಿ ಅವರ ರೇಷ್ಮೆ ಸೀರೆಗಳು ಹಾಸಿಗೆಯ ಮೇಲೆ ಮೂರು ಪಾಲಾಗಿದ್ದವು, ಹೆಣ್ಣುಮಕ್ಕಳಿಬ್ಬರಿಗೆ ಮತ್ತು ನನಗೆ.

"ಏನೂ ಇಲ್ಲ ಅತ್ತೆ. ನಿಜವಾಗ್ಲೂ ಏನೂ ಇಲ್ಲ. ಗುರುವಾರಾನೇ ಫೋನ್ ಬಂದಿತ್ತು," ಎಂದೆ.

"ಗುರುವಾರ ಗೊತ್ತಾಗಿದ್ರ ಇಲ್ಲೀತನಕ ಯಾಕ ಮುಚ್ಚಿಟ್ಟಿ?"

ಪಾಯಸದ ವಿಷಯ ಹೇಳಿದೆ. ಅದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು. ಸೀರೆ ಮಡಚುತ್ತಲೇ ಅಂದರು: "ನಿಮ್ಮ ಮಾವಗೂ ನೀ ಹಿಂಗ ಹೇಳಿದ್ದಿ. ಏನೂ ಇಲ್ಲ ಮಾವ, ಬರೇ ಗ್ಯಾಸ್ಟ್ರಿಕ್ ಅಂತ. ನಾ ಬಾಜೂಕನ ನಿಂತಿದ್ದೆ."

ಹೌದು, ಹೇಳಿದ್ದೆ. ಮಾವನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗಬಾರದೆಂದು ಮನೆಯವರೆಲ್ಲ ತೀರ್ಮಾನಿಸಿ, ಡಾಕ್ಟರ್ ಸೊಸೆಯ ಬಾಯಲ್ಲೇ ಹೇಳಿಸಿದ್ದರು. ಅತ್ತೆಯೂ ಆ ತೀರ್ಮಾನದಲ್ಲಿದ್ದರು. ಇಂಗ್ಲಿಷ್ ಪೇಷಂಟುಗಳಿಗೆ ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳುವುದು ಹೇಗೆಂದು ಜೂನಿಯರ್ ಡಾಕ್ಟರುಗಳಿಗೆ ಪಾಠ ಮಾಡುತ್ತಿದ್ದವಳು ನಾನು. ಕನ್ನಡದಲ್ಲಿ ಮಾತ್ರ ನನ್ನ ಬಳಿ ಇದ್ದದ್ದು 'ಏನೂ ಇಲ್ಲ' ಎಂಬ ಎರಡೇ ಪದ. ಅವನ್ನು ಮಾವನಿಗೆ ಸುಳ್ಳು ಹೇಳಿ ಖರ್ಚು ಮಾಡಿಬಿಟ್ಟಿದ್ದೆ.

ಸರ್ಜನ್ ಬಾಯಿಂದಲೇ ಹೇಳಿಸಿದೆ, ರಿಪೋರ್ಟ್ ತೋರಿಸಿದೆ. "ಡಾಕ್ಟರ್ ಡಾಕ್ಟರ್ ಎಲ್ಲಾ ಒಂದ," ಎಂದರು. ಹೀಗೇ ಏಳು ವರ್ಷ. ಹೊಸ ವಿಂಟರ್ ಕೋಟು ಬೇಡವೆಂದರು, ಒಂದು ಚಳಿಗಾಲಕ್ಕೆ ಯಾಕೆಂದು. ಹಲ್ಲು ಕಟ್ಟಿಸಲಿಲ್ಲ. ಕಾದಂಬರಿ ಹಿಡಿದರೆ ಮೊದಲು ಕೊನೆಯ ಪುಟ ಓದುತ್ತಿದ್ದರು. ನಾವು ತಮಾಷೆ ಮಾಡಿದರೆ ಅವರೂ ನಗುತ್ತಿದ್ದರು. ಆದರೆ ಯಾರೂ ನೋಡುತ್ತಿಲ್ಲವೆಂದುಕೊಂಡು ಎದೆ ಒತ್ತಿ ನೋಡಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಕೊನೆಗೆ ಬಂದದ್ದು ಬೇರೆಯೇ ರೋಗ, ಲಿವರಿನದು. ಹಳೆಯ ಗಂಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ರಿಪೋರ್ಟ್ ಬಂದ ದಿನವೇ, ಕೋಟೂ ಬಿಚ್ಚದೆ, ಅವರ ಮುಂದೆ ಕೂತೆ.

"ಅತ್ತೆ, ಈ ಸಲ ಇದೆ. ಕ್ಯಾನ್ಸರ್. ತುಂಬಾ ದಿನ ಇಲ್ಲ."

ಅಳು ಬಂದದ್ದು ನನಗೆ. ಅವರು ನನ್ನ ಮುಖವನ್ನೇ ಓದುವವರಂತೆ ನೋಡಿದರು.

"ಹಂಗಾರ ಅವತ್ತ ಖರೇನ ಏನೂ ಇರಲಿಲ್ಲೇನು?"

"ಇರಲಿಲ್ಲ ಅತ್ತೆ."

"ಅಯ್ಯ," ಎಂದರು, "ಏಳು ವರ್ಷ ಸುಮ್ಮ ಸುಮ್ಮನ ಸತ್ತೆನಲ್ಲ ನಾ."