ಎಣ್ಣೆಸ್ನಾನದ ಆರೋಪಿ

ಗೆಳೆಯರೇ, ನೀವೇ ಹೇಳಿ, ಮಗಳಿಗೆ ಎಣ್ಣೆಸ್ನಾನ ಮಾಡಿಸುವುದು ಅಪರಾಧವೇ?

ಇಂದು, ಪರದೇಶದಲ್ಲಿ ನಾವಿರುವ, ಹಿಮವೇ ಬೀಳದ ಮೀರಾ ಮೆಸಾ ಬಡಾವಣೆಯ ಪಾರ್ಕಿನಲ್ಲಿ ಮಕ್ಕಳಿಗೆಂದು ಲಾರಿಯಲ್ಲಿ ತಂದು ಸುರಿದಿದ್ದ ಹಿಮದ ಗುಡ್ಡೆಯಿಂದ ಜಾರಿ, ನನ್ನ ಎಂಟು ವರ್ಷದ ಮಗಳು ಹಣೆ ಒಡೆದುಕೊಂಡಳು. ಎತ್ತಿಕೊಂಡು ಎಮರ್ಜೆನ್ಸಿಗೆ ಓಡಿದೆ. ಅಲ್ಲಿಯ ನರ್ಸು ಎಲ್ಲ ಮಕ್ಕಳನ್ನೂ ಕೇಳುವಂತೆ ಇವಳನ್ನೂ ಕೇಳಿದಳು: “ಮನೇಲಿ ಯಾರಾದ್ರೂ ನಿಂಗೆ ನೋವು ಮಾಡ್ತಾರಾ?”

ಮಗಳು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿದಳು: “ಪ್ರತಿ ಸಂಡೇ ಅಪ್ಪ ತಲೆ ಮೇಲೆ ಬಿಸಿ ಎಣ್ಣೆ ಸುರಿದು ಬಡೀತಾರೆ. ಆಮೇಲೆ ಬಿಸಿನೀರು ಹಾಕ್ತಾರೆ. ಕಿರುಚಿದ್ರೂ ಬಿಡಲ್ಲ.”

ಒಂದಕ್ಷರವೂ ಸುಳ್ಳಲ್ಲ, ಅದೇ ಸಂಕಟ. ನನ್ನನ್ನು ಹೊರಗೆ ಕೂರಿಸಿ, ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯನ್ನು ಕರೆಸಿದರು. “ಮೇಡಂ, ಇದು ನಮ್ಮ ಕಡೆ ಪ್ರೀತಿ ತೋರಿಸೋ ರೀತಿ” ಎಂದೆ.

“ಎಲ್ಲರೂ ಹಾಗೇ ಹೇಳ್ತಾರೆ ಸರ್” ಎಂದಳು.

ಕೊನೆಗೆ ಓಡಿ ಬಂದ ಹೆಂಡತಿ ಫೋನಿನಲ್ಲಿದ್ದ ವಿಡಿಯೊ ತೋರಿಸಿದಳು. ಅದರಲ್ಲಿ ಮಗಳೇ ನಗುತ್ತಾ ನನ್ನ ಬೋಳುತಲೆಗೆ ಎಣ್ಣೆ ಬಡಿಯುತ್ತಿದ್ದಳು. ಆಮೇಲೆ ನನ್ನನ್ನು ಒಳಗೆ ಬಿಟ್ಟರು. ಕ್ಷಮೆ ಯಾರೂ ಕೇಳಲಿಲ್ಲ.

ಹೊಲಿಗೆ ಹಾಕಿದ ಡಾಕ್ಟರು ವಾರವಿಡೀ ತಲೆಗೆ ನೀರು ಬೇಡ ಎಂದರು. ಕಾರು ಹತ್ತಿದ ಕೂಡಲೇ ಮಗಳು, “ಅಪ್ಪಾ, ಈ ಸಂಡೇ ಎಣ್ಣೆ ಇಲ್ಲ ಅಲ್ವಾ?” ಎಂದು ಅಚ್ಚ ಕನ್ನಡದಲ್ಲೇ ಕೇಳಿದಳು.

ಬಿದ್ದವಳಿಗೆ ರಜೆ, ಎತ್ತಿಕೊಂಡು ಓಡಿದವನಿಗೆ ಸಜೆ.