ಊದಲು ಕಲಿಸಿದ ವರ್ಷ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಎಂದು ನಮ್ಮತ್ತೆ ಹೇಳಿದ್ದರು. ನಾನು ಹೊಲಿದಿಟ್ಟಿದ್ದೆ. ಕೂಸು ಹುಣಸೂರಿನಲ್ಲಿ ಹುಟ್ಟಿತು, ಉಸಿರಾಡಲಿಲ್ಲ. ನಾನೇ ನರ್ಸು. ಹೆರಿಗೆ ಮೇಜಿನ ಮೇಲೆ ಮಲಗಿದ್ದುಕೊಂಡೇ ಎಲ್ಲವನ್ನೂ ನೋಡಿದೆ. ಬಾಯಿಯ ಲೋಳೆ ತೆಗೆದರು, ಬೆನ್ನು ತಿಕ್ಕಿದರು, ಡಾಕ್ಟರಮ್ಮ ತಾವೇ ಬಾಯಿಟ್ಟು ಊದಿದರು. ಯಾವುದರಲ್ಲೂ ಕೊರತೆಯಿರಲಿಲ್ಲ. ತಪ್ಪು ಹುಡುಕಿ ಯಾರನ್ನಾದರೂ ಬೈಯುವ ಸುಖವೂ ನನಗೆ ಸಿಗಲಿಲ್ಲ.

ರಜೆ ಮುಗಿಸಿ ಸರಗೂರಿಗೆ ಮರಳಿದಾಗ ಆರೋಗ್ಯ ಕೇಂದ್ರದಲ್ಲಿ ಹೊಸ ಕೆಲಸ ಕಾದಿತ್ತು. ಎಪ್ಪತ್ತರ ದಶಕದ ಶುರುವಿನ ಮಾತಿದು. ಸುತ್ತಲಿನ ಸೂಲಗಿತ್ತಿಯರನ್ನು ಕರೆಸಿ, ಹುಟ್ಟಿದ ಕೂಡಲೇ ಅಳದ ಮಗುವಿಗೆ ಉಸಿರು ಕೊಡುವುದನ್ನು ಕಲಿಸಬೇಕಿತ್ತು. ನಮ್ಮ ಡಾಕ್ಟರು ನನ್ನ ಮುಖ ನೋಡದೆ, ಬೇಕಿದ್ದರೆ ಕೋಟೆಯ ತಾಲ್ಲೂಕು ಆಸ್ಪತ್ರೆಯಿಂದ ಬೇರೆ ಯಾರನ್ನಾದರೂ ಕರೆಸೋಣ ಎಂದರು. ಬೇಡ ಎಂದೆ. ಅದೇನೂ ಧೈರ್ಯವಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸು ಎಂದಿದ್ದರೂ ಅಷ್ಟೇ ಸಲೀಸಾಗಿ ಒಪ್ಪಿಕೊಳ್ಳುತ್ತಿದ್ದೆ. ಹಳೆ ಸೀರೆಗೆ ಹತ್ತಿ ತುಂಬಿ ಒಂದು ಬೊಂಬೆ ಮಾಡಿದೆ. ತಲೆಯ ಹೊಲಿಗೆ ಬಿಟ್ಟುಕೊಂಡು ಹತ್ತಿ ಉದುರತೊಡಗಿದಾಗ, ಟ್ರಂಕಿನಲ್ಲಿದ್ದ ಕುಲಾವಿ ತಂದು ಬಿಗಿಯಾಗಿ ಕಟ್ಟಿದೆ. ಏನೂ ಅನ್ನಿಸಲಿಲ್ಲ. ಅನ್ನಿಸುತ್ತಿಲ್ಲವಲ್ಲ ಎಂಬ ಹೆದರಿಕೆಯೂ ಆಗಲಿಲ್ಲ.

ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ಪಾಠ. ಮಗು ಅಳದಿದ್ದರೆ ಕಿವಿಯ ಹತ್ತಿರ ಕಂಚಿನ ಗಂಗಳ ಬಡಿಯುವುದು ಆ ಕಡೆಯ ರೂಢಿ. ಬೆಚ್ಚಿಬಿದ್ದು ಅಳುತ್ತದಂತೆ. ಬಡಿದು ಬಡಿದು ಗಂಗಳ ಸೀಳು ಬಿಟ್ಟೀತೇ ಹೊರತು ಉಸಿರು ಬಾರದು ಎಂದು ಗದರುತ್ತಿದ್ದೆ. ಬೆರಳಿಗೆ ಶುದ್ಧವಾದ ಬಟ್ಟೆ ಸುತ್ತಿ ಬಾಯಿ ಒರೆಸಬೇಕು. ಕತ್ತನ್ನು ಚೂರೇ ಹಿಂದಕ್ಕೆ ಮಾಡಿ, ಮಗುವಿನ ಮೂಗು ಬಾಯಿ ಎರಡನ್ನೂ ಸೇರಿಸಿ ನಮ್ಮ ಬಾಯಿಟ್ಟು, ಕೆನ್ನೆಯಲ್ಲಿ ಹಿಡಿಯುವಷ್ಟು ಗಾಳಿಯನ್ನು ಮಾತ್ರ ಮೆಲ್ಲಗೆ ಊದಬೇಕು. ಒಲೆ ಊದಿದ ಹಾಗಲ್ಲ. ಹೆಂಗಸರು ಬೊಂಬೆಗೆ ಊದಿ ಊದಿ ನಗುತ್ತಿದ್ದರು, ನಗುತ್ತಲೇ ಕಲಿತರು.

ಒಬ್ಬಳು ಮಾತ್ರ ಊದಲಿಲ್ಲ. ಕಾಡಂಚಿನ ಗಿರಿಜನರ ಹಾಡಿಯಿಂದ ನಡೆದು ಬರುತ್ತಿದ್ದ ನಡುವಯಸ್ಸಿನವಳು. ಪೇಟೆಯ ಮನೆಗಳಲ್ಲೂ ಹೆರಿಗೆಗೆ ಅವಳನ್ನೇ ಕರೆಯುತ್ತಿದ್ದರು. ಮಿಕ್ಕಿದ್ದೆಲ್ಲ ಮಾಡಿ, ಬಾಯಿಡುವ ಹೊತ್ತಿಗೆ ಬೊಂಬೆಯನ್ನು ಕೆಳಗಿಟ್ಟುಬಿಡುತ್ತಿದ್ದಳು. ಯಾಕೆಂದು ಕೇಳಿದೆ.

"ಹೊಕ್ಳುಬಳ್ಳಿ ಕುಯ್ತೀನಿ, ಮಾಸು ಊಳ್ತೀನಿ, ಅದ್ಕೆಲ್ಲಾ ನಾನಾಯ್ತೀನಿ. ಬಾಯಿಕ್ಕುದ್ರೆ ಮಗ ಎಂಜ್ಲಾಗಲ್ವಾ ನರ್ಸವ್ವ? ಆ ಮನೇರು ಬುಟ್ಟಾರಾ?"

ನಮಗೆ ಕೊಟ್ಟಿದ್ದ ಪಾಠದಲ್ಲಿ ಎಂಜಲಿನ ಮಾತೇ ಇರಲಿಲ್ಲ. ನಾಳೆ ಅವಳೊಬ್ಬಳೇ ಇರುವ ಮನೆಯಲ್ಲಿ ಮಗು ಅಳದಿದ್ದರೆ, ವಿದ್ಯೆ ಗೊತ್ತಿದ್ದೂ ಅವಳು ಗಂಗಳ ಬಡಿಯುತ್ತಾ ನಿಲ್ಲಬೇಕಿತ್ತು.

ಕೆಲವು ದಿನಗಳಲ್ಲೇ ಪೇಟೆಯ ಜವಳಿ ವ್ಯಾಪಾರಿಯ ಮನೆಯಲ್ಲಿ ಮಗಳ ಚೊಚ್ಚಲ ಹೆರಿಗೆ. ನಿತ್ಯ ಶಿವಪೂಜೆ ಮಾಡುವ ಮನೆ. ಹಾಡಿಯವಳನ್ನು ಕರೆದಿದ್ದರು. ಅವಳ ಕೆಲಸ ನೋಡಲು ನಾನೂ ಹೋದೆ. ಬೆಳಗಿನ ಬಿಸಿಲು ಕೋಣೆಯೊಳಗೆ ಬಿದ್ದಿತ್ತು. ಮಗು ನೀಲಿಗಟ್ಟಿ, ಜೋತುಬಿದ್ದು ಬಂತು. ಅವಳು ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು. ಅಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಬಗ್ಗಿದಳು. ಮನೆಯ ಅಜ್ಜಿ ಅವಳ ಭುಜ ಹಿಡಿದು ತಡೆದರು. ನೀನು ಬಾಯಿಡಬೇಡ, ನರ್ಸಮ್ಮ ಇದ್ದಾರಲ್ಲ, ಅವರು ಊದಲಿ ಎಂದರು.

ಊದುವುದೇ ಸುಲಭವಿತ್ತು. ಆದರೆ ಮುಂದಿನ ಮಗುವಿನ ಪಕ್ಕದಲ್ಲಿ ನಾನಿರುತ್ತಿರಲಿಲ್ಲ. ಇಷ್ಟನ್ನೆಲ್ಲ ಆಗಲೇ ಯೋಚಿಸಿದೆ ಎಂದರೆ ಬಡಾಯಿಯಾದೀತು. ಮಾತು ತಾನಾಗಿ ಬಂತು, ದನಿ ಕೂಡ ಏರಲಿಲ್ಲ.

"ನನ್ನ ಮಗೂಗೆ ನಾನೇ ಊದಿದ್ದೆ ಅಜ್ಜಿ. ಉಳೀಲಿಲ್ಲ. ನನ್ನ ಉಸಿರು ಬೇಕಾ ನಿಮ್ಗೆ?"

ನಿಜವಾಗಿ ಊದಿದವರು ಹುಣಸೂರಿನ ಡಾಕ್ಟರಮ್ಮ. ಆದರೆ ಅದು ಸರಗೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ಕೈ ಅವಳ ಭುಜದಿಂದ ಜಾರಿತು.

"ಊದವ್ವ, ನೀನೇ ಊದು" ಎಂದರು.

ಅವಳು ಊದಿದಳು. ಎದೆ ಚೂರು ಎದ್ದಿತು. ಮತ್ತೆ ಊದಿದಳು, ಮತ್ತೆ. ಮೊದಲು ಬೆಕ್ಕಿನ ಮರಿಯಂಥ ದನಿ, ಆಮೇಲೆ ಅಳು. ಬಾಣಂತಿ ಅತ್ತಳು, ಅಜ್ಜಿ ಅತ್ತರು, ಊದಿದವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಬಳ್ಳಿಗೆ ಕಟ್ಟಿದ ದಾರ ಬಿಗಿಯಾಗಿದೆಯೇ ನೋಡಿ, ಕೈ ತೊಳೆದು ಬಂದೆ.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಹಾಡಿಯವಳ ಉಸಿರು ಒಳ್ಳೆಯದು, ನರ್ಸಮ್ಮನದು ಆಗಿಬರುವುದಿಲ್ಲ ಎಂದು ಮುಂದಿನ ಸಂತೆಯ ಹೊತ್ತಿಗೆ ಎಲ್ಲೆಡೆ ಹಬ್ಬಿತು. ಅವಳು ಬಾಯಿಡುವುದನ್ನು ಆಮೇಲೆ ಯಾರೂ ತಡೆಯಲಿಲ್ಲ. ನನ್ನನ್ನು ಮಾತ್ರ ಬಹಳ ಮರ್ಯಾದೆಯಿಂದ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು. ಹೆರಿಗೆ ಕೋಣೆಗೆ ಬಿಡುತ್ತಿರಲಿಲ್ಲ. ಆ ಮಾತಾಡಿ ನಾನೇ ಕೇಳಿ ಪಡೆದದ್ದು ಅದು, ಕಾಫಿ ಕುಡಿದು ಬರುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆಯೇ ಒಂದು ಜಗಲಿಯಲ್ಲಿ ಕುಳಿತಿದ್ದೆ, ಒಳಗೆ ಹಾಡಿಯವಳಿದ್ದಳು. ಮಗು ಹುಟ್ಟಿತು ಎಂದು ಒಳಗಿನಿಂದ ಯಾರೋ ಅಂದರು. ಆಮೇಲೆ ಸದ್ದಿಲ್ಲ. ಅಂಥ ಮೌನ ನನಗೆ ಚೆನ್ನಾಗಿ ಗೊತ್ತಿತ್ತು. ಎದ್ದೆ. ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ತಲೆ ತಗ್ಗಿಸಿದರು, ದಾರಿ ಬಿಡಲಿಲ್ಲ. ಕುಳಿತೆ. ಹಾಡಿಯವಳು ಊದುತ್ತಿದ್ದಾಳೆ ಎಂದುಕೊಂಡೆ, ನಾನೂ ಕೆನ್ನೆಯಲ್ಲಿ ಗಾಳಿ ಹಿಡಿದುಕೊಂಡೇ ಇದ್ದೆ. ಕೊನೆಗೂ ಮಗು ಅತ್ತಿತು.

ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ಅಳು ಬಂತು. ಸಂತೋಷಕ್ಕಲ್ಲ, ಶುದ್ಧ ಹೊಟ್ಟೆಕಿಚ್ಚಿಗೆ. ಮನೆಯಾಕೆ ಗಾಬರಿಯಾಗಿ ಹೊರಗೆ ಬಂದರು.

"ಮಗ ಅಳ್ತಾ ಅದೆ ಕಣ್ರವ್ವ, ಏನೂ ಆಗಿಲ್ಲ. ನೀವ್ಯಾಕ್ ಅಳ್ತೀರಿ?"

"ನಂದು ಅಳ್ಲೇ ಇಲ್ಲ ಕಣ್ರೀ" ಎಂದೆ.

ಆಕೆ ಒಳಗೆ ಹೋಗದೆ ನನ್ನ ಪಕ್ಕ ಕುಳಿತರು.